ಹುಟ್ಟು ನೋಡಿ ಅಂಕ ಕೊಡದ ಆಟ ಬೇಕು: ಫ್ಯಾಂಟಸಿ ಗೇಮ್‌ಗೆ ಗುರುಮಠಕಲ್ ಕಡೆಯ ಬೇಡಿಕೆಗಳು

"ಕಾಕಾ, ಈ ಆಟದಾಗ ಹಿಮ ಬೀಳ್ತದ, ಕುದುರಿ ಓಡ್ತಾವ, ಕೋಟಿ ಅದ. ಕೋಟಿ ನಮ್ ಸುರಪುರ ಕಡಿನೂ ಅದ, ಯಾದಗಿರಿಯಾಗೂ ಅದ. ಹಂಗಾರ ನಮ್ ಕಡಿದೊಂದು ಊರು ಇದ್ರಾಗ ಯಾಕ ಇಲ್ಲ?"

ಹಬ್ಬಕ್ಕೆ ಗುರುಮಠಕಲ್‌ಗೆ ಹೋದಾಗ ಪಿಯುಸಿ ಓದುವ ಅಣ್ಣನ ಮಗ ಕೇಳಿದ ಪ್ರಶ್ನೆ ಇದು. ಅವನು ಫೋನಿನಲ್ಲಿ ನೋಡುತ್ತಿದ್ದದ್ದು ಯಾರೋ ಆಡಿದ ಆಟದ ವಿಡಿಯೋ. ಆ ಆಟ ಓಡಿಸುವಷ್ಟು ತಾಕತ್ತಿನ ಕಂಪ್ಯೂಟರ್ ಅವರ ಓಣಿಯಲ್ಲೇ ಇಲ್ಲ. ಆಡಲಾಗದ ಆಟವನ್ನು ನೋಡಿ ಖುಷಿಪಡುವ ಹುಡುಗನಿಗೆ, ಅದರಲ್ಲಿ ತನ್ನ ಊರೂ ಇರಬೇಕಿತ್ತು ಅನ್ನಿಸಿದೆ.

ಹೊರಗಿನವರಿಗೆ ಗುರುಮಠಕಲ್ ಅಂದರೆ ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಸತತ ಎಂಟು ಸಲ ಗೆದ್ದ ಕ್ಷೇತ್ರ. ಇಲ್ಲವೇ ತೆಲಂಗಾಣ ಗಡಿಯ ಹಿಂದುಳಿದ ತಾಲ್ಲೂಕು. ಅದು ಒಂದು ಕಥೆ ನಡೆಯುವ ಜಾಗವೂ ಆಗಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಹುಡುಗನ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಹೇಳಲು ನನಗೆ ಆಗಲಿಲ್ಲ. ಈಗ ಪ್ರಯತ್ನಿಸುತ್ತೇನೆ.

ಇದು ಬರೀ ಗುಂಡು ಹಾರಿಸುವ ಆಟವಲ್ಲ

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಮೊಬೈಲ್ ಗೇಮ್ ಅಂದ ಕೂಡಲೇ ನಮ್ಮ ಮನೆಗಳಲ್ಲಿ ನೆನಪಾಗುವುದು ಎರಡು: ಗುಂಡು ಹಾರಿಸುವ ಆಟ, ದುಡ್ಡು ಕಳೆಯುವ ರಮ್ಮಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಉಳಿದ ಆಟಗಳನ್ನು ಅದು ಬೇರೆಯಾಗಿಯೇ ನೋಡುತ್ತದೆ.

ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಆರ್‌ಪಿಜಿ, ಪಾತ್ರ ಹಾಕುವ ಆಟ. ನಮ್ಮ ಭಾಗದ ದೊಡ್ಡಾಟ, ಸಣ್ಣಾಟ ನೋಡಿದವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಲ್ಲಿ ಕಟ್ಟೆಯ ಮೇಲಿನವರು ಪಾತ್ರ ಹಾಕುತ್ತಾರೆ, ನಾವು ಕೆಳಗೆ ಕೂತು ನೋಡುತ್ತೇವೆ. ಇಲ್ಲಿ ನೋಡುವವನೇ ಪಾತ್ರ. ಯಾರ ಜೊತೆ ಮಾತಾಡಬೇಕು, ಯಾರನ್ನು ನಂಬಬೇಕು, ಯಾವ ದಾರಿ ಹಿಡಿಯಬೇಕು ಅನ್ನುವುದನ್ನು ಆಡುವವನೇ ತೀರ್ಮಾನಿಸುತ್ತಾನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಕಾಗದ, ಪೆನ್ಸಿಲ್, ದಾಳ ಇಟ್ಟುಕೊಂಡು ಕೂತು ಆಡುವ ಆಟವಾಗಿತ್ತು. ಇವತ್ತಿನ ಕಂಪ್ಯೂಟರ್ ಆರ್‌ಪಿಜಿಗಳ ಲೆವೆಲ್, ಅಂಕ, ವರ್ಗಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದವು.

ಆಟಗಾರರು ಏನು ಕೇಳುತ್ತಾರೆ? ಎಲ್ಲ ದೇಶಗಳಲ್ಲೂ ಬೇಡಿಕೆ ಹೆಚ್ಚುಕಡಿಮೆ ಒಂದೇ. ನಾನು ಮಾಡಿದ ಆಯ್ಕೆಗೆ ಪರಿಣಾಮ ಇರಬೇಕು. ಒಂದೇ ಕೆಲಸವನ್ನು ನೂರು ಸಲ ಮಾಡಿಸಬಾರದು. ದುಡ್ಡು ಕೊಟ್ಟವನೇ ಗೆಲ್ಲಬಾರದು. ಇಂಥ ಮಾತನ್ನು ಕಿವಿಗೊಟ್ಟು ಕೇಳಿದವರು ಗೆದ್ದಿದ್ದಾರೆ. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 'ಬಾಲ್ಡರ್ಸ್ ಗೇಟ್ 3' ಆಟದ ಮೊದಲ ಭಾಗವನ್ನು 2020ರ ಅಕ್ಟೋಬರ್‌ನಲ್ಲೇ ಆಟಗಾರರ ಕೈಗಿಟ್ಟಿತು. ಮೂರು ವರ್ಷದ ಹತ್ತಿರ ಅವರ ದೂರುಗಳನ್ನು ಕೇಳಿ ತಿದ್ದಿ, 2023ರ ಆಗಸ್ಟ್‌ನಲ್ಲಿ ಪೂರ್ತಿ ಆಟ ಬಿಡುಗಡೆ ಮಾಡಿತು.

ಈ ಪಟ್ಟಿಗೆ ನಮ್ಮ ಕಡೆಯಿಂದ ಸೇರಬೇಕಾದ ಬೇಡಿಕೆಗಳಿವೆ. ಅವುಗಳಲ್ಲಿ ನಾಲ್ಕನ್ನು ಇಲ್ಲಿ ಹೇಳುತ್ತೇನೆ.

ಒಂದು: ಹುಟ್ಟಿಗೆ ಅಂಕ ಬೇಡ

ಬಹಳಷ್ಟು ಫ್ಯಾಂಟಸಿ ಆಟಗಳು ಶುರುವಾಗುವುದೇ ಒಂದು ಪ್ರಶ್ನೆಯಿಂದ: ನೀನು ಯಾವ ಕುಲ? ಎಲ್ಫ್ ಆದರೆ ಚುರುಕು, ಡ್ವಾರ್ಫ್ ಆದರೆ ಗಟ್ಟಿ, ಓರ್ಕ್ ಆದರೆ ಬಲ ಜಾಸ್ತಿ, ಬುದ್ಧಿ ಕಡಿಮೆ. ಹುಟ್ಟಿದ ತಕ್ಷಣ ಗುಣ ನಿಗದಿ. ಯುರೋಪಿನ ಹುಡುಗನಿಗೆ ಇದು ಬರೀ ಆಟ ಇರಬಹುದು. ನಮಗೆ ಈ ಲೆಕ್ಕ ಹೊಸದಲ್ಲ. ಯಾವ ಕೇರಿಯಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ನಿನ್ನ ಬುದ್ಧಿ, ಶುದ್ಧಿ, ಯೋಗ್ಯತೆ ಎಲ್ಲ ಅಳೆದುಬಿಡುವ ವ್ಯವಸ್ಥೆಯಲ್ಲೇ ಬದುಕುತ್ತಿದ್ದೇವೆ.

'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಮಾಡುವವರೂ ಕೊನೆಗೆ ಇದನ್ನು ಬದಲಿಸಿದರು. 2024ರ ನಿಯಮ ಪುಸ್ತಕದಲ್ಲಿ 'ರೇಸ್' ಎಂಬ ಪದ ಹೋಗಿ 'ಸ್ಪೀಷೀಸ್' ಬಂತು. ಶಕ್ತಿ, ಬುದ್ಧಿಗಳಿಗೆ ಸಿಗುವ ಹೆಚ್ಚುವರಿ ಅಂಕವನ್ನು ಕುಲದಿಂದ ಬಿಡಿಸಿ, ಪಾತ್ರ ಹಿಂದೆ ಮಾಡುತ್ತಿದ್ದ ಕೆಲಸ, ಬದುಕಿನ ಹಿನ್ನೆಲೆಗೆ ಜೋಡಿಸಿದರು.

ಐವತ್ತು ವರ್ಷ ಹಿಡಿದ ಈ ತಿದ್ದುಪಡಿಯ ಮೂಲ ಮಾತನ್ನು ನಮ್ಮ ಶರಣರು 12ನೇ ಶತಮಾನದಲ್ಲೇ ಆಡಿದ್ದರು. ನೇಕಾರ ವಚನಕಾರ ಜೇಡರ ದಾಸಿಮಯ್ಯನ ಮುದನೂರು ನಮ್ಮ ಜಿಲ್ಲೆಯದ್ದೇ. ಹಾಗಾಗಿ ನಮ್ಮ ಆಟದಲ್ಲಿ ಶುರುವಿಗೆ ಎಲ್ಲರ ಅಂಕ ಸಮ ಇರಲಿ. ನೇಯ್ದರೆ ನೇಯ್ಗೆ ಬರಲಿ, ನಡೆದರೆ ಕಾಲು ಗಟ್ಟಿಯಾಗಲಿ, ಕೇಳಿಸಿಕೊಂಡರೆ ಭಾಷೆ ಬರಲಿ. 2011ರ 'ಸ್ಕೈರಿಮ್' ಆಟದಲ್ಲಿ ಬಳಸಿದಷ್ಟೂ ಕೌಶಲ ಬೆಳೆಯುವ ಪದ್ಧತಿ ಆಗಲೇ ಇತ್ತು. ಆದರೆ ಒಂದು ಎಚ್ಚರ ಬೇಕು: ಕಾಯಕ ಅಂದರೆ ಜಾತಿ ಕಸುಬಲ್ಲ. ಕುಂಬಾರನ ಮಗ ಕುಂಬಾರನೇ ಆಗಬೇಕು ಅಂತ ಆಟ ಹೇಳಿದರೆ ಹಳೇ ರೋಗಕ್ಕೆ ಹೊಸ ಬಣ್ಣ ಬಳಿದಂತೆ. ಆಟದೊಳಗಿನ ಊರಿನಲ್ಲಿ ಮಾತ್ರ ತಾರತಮ್ಯ ಇರಲಿ. ಬಾವಿ ಹತ್ತಿರ ಬಿಡದವರು, ಗುಡಿ ಬಾಗಿಲಲ್ಲಿ ತಡೆಯುವವರು ಇರಲಿ. ಆಟಗಾರ ಅದನ್ನು ಎದುರಿಸಲಿ. ಅನ್ಯಾಯ ಕಥೆಯಲ್ಲಿದ್ದರೆ ಅದರ ಜೊತೆ ಜಗಳ ಆಡಬಹುದು. ಆಟದ ನಿಯಮದಲ್ಲೇ ಇದ್ದರೆ ಆಡಲು ಒಪ್ಪಿದವನು ಅದನ್ನೂ ಒಪ್ಪಿದ ಹಾಗೆ.

ಎರಡು: ಶತ್ರು ಯಾರು ಅಂತ ಆಟವೇ ತೀರ್ಮಾನಿಸಬಾರದು

ಫ್ಯಾಂಟಸಿ ಆಟದ ಕಾಡಿನಲ್ಲಿ ಯಾವಾಗಲೂ ಒಂದಷ್ಟು ದರೋಡೆಕೋರರು ಇರುತ್ತಾರೆ. ಅವರಿಗೆ ಹೆಸರಿಲ್ಲ, ಮನೆಯಿಲ್ಲ. ಕೊಂದರೆ ಅಂಕ. ಬ್ರಿಟಿಷರು 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು ಇಡೀ ಸಮುದಾಯಗಳನ್ನೇ ಹುಟ್ಟು ಅಪರಾಧಿಗಳು ಅಂತ ದಾಖಲೆ ಮಾಡಿದಾಗ ಮಾಡಿದ್ದೂ ಇದನ್ನೇ ಅಲ್ಲವೇ?

ಸುರಪುರವನ್ನೇ ನೋಡಿ. 1705ರಲ್ಲಿ ಔರಂಗಜೇಬ ಖುದ್ದಾಗಿ ಬಂದು ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಎದುರಿಗೆ ನಿಂತವರು ಬೇಡ ನಾಯಕರು. ಔರಂಗಜೇಬ ತಾನೇ ಮುಂದೆ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ಅದು. ಕೋಟೆ ಬಿತ್ತು, ನಾಯಕರು ತಪ್ಪಿಸಿಕೊಂಡರು. ಮುಂದೆ 1858ರಲ್ಲಿ ಯುವ ಅರಸ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ತಿರುಗಿಬಿದ್ದ. ಅವನ ಬಾಲ್ಯದಲ್ಲಿ ಸಂಸ್ಥಾನದ ಉಸ್ತುವಾರಿ ನೋಡಿ ಅವನನ್ನು ಬೆಳೆಸಿದ್ದು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಹುಡುಗ ಅವನನ್ನು ಅಪ್ಪಾ ಅಂತ ಕರೆಯುತ್ತಿದ್ದ.

ಈ ಸಂಬಂಧಕ್ಕಿಂತ ದೊಡ್ಡ ಆಯ್ಕೆಯ ಪ್ರಸಂಗವನ್ನು ಯಾವ ಡಿಸೈನರ್ ತಾನೇ ಹೊಸದಾಗಿ ಕಟ್ಟಬಲ್ಲ? ಸಾಕಿದವನ ಕಡೆಗೋ, ಸಾಕಿದವನ ಸಾಮ್ರಾಜ್ಯ ನುಂಗುತ್ತಿರುವ ನೆಲದ ಕಡೆಗೋ? ಅದೇ ಘಟನೆಯನ್ನು ಅರಸನಾಗಿ ಒಮ್ಮೆ, ಕೋಟೆಯೊಳಗೆ ನೀರು ಹೊರುವವಳಾಗಿ ಒಮ್ಮೆ, ದಂಡಿನ ಸಿಪಾಯಿಯಾಗಿ ಒಮ್ಮೆ ಆಡುವಂತಿರಬೇಕು.

ಇಲ್ಲಿ ಇನ್ನೊಂದು ಗುಂಡಿ ಇದೆ. 'ನಮ್ಮ ಇತಿಹಾಸ' ಅನ್ನುವ ಹೆಸರಲ್ಲಿ ಓರ್ಕ್ ತೆಗೆದು ಆ ಜಾಗಕ್ಕೆ ಪಕ್ಕದ ಓಣಿಯ ಮುಸ್ಲಿಮರನ್ನು ತಂದು ನಿಲ್ಲಿಸುವುದು ಇವತ್ತು ಬಹಳ ಸುಲಭ. ಅಂಥ ಆಟ ಮಾರುಕಟ್ಟೆಯಲ್ಲಿ ಓಡಲೂಬಹುದು. ಆದರೆ ಅದು ನಮ್ಮ ಭಾಗದ ಕಥೆಯಲ್ಲ. ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಶಹಾಪುರ ತಾಲ್ಲೂಕಿನ ಗೋಗಿಯ ದರ್ಗಾದ ಬಳಿ ಆದಿಲ್‌ಶಾಹಿ ಸುಲ್ತಾನರ ಸಮಾಧಿಗಳಿವೆ. ನಮ್ಮ ಆಟದ ನಕ್ಷೆಯಲ್ಲಿ ಇವು ಯುದ್ಧದ ಗೆರೆಗಳಲ್ಲ, ದಣಿದವನು ತಂಗುವ ಜಾಗಗಳು.

ಮೂರು: ನೆಲ ನಿಜವಾಗಿರಲಿ, ಮಾತಿಗೂ ಬೆಲೆ ಇರಲಿ

ಆರ್‌ಪಿಜಿಯಲ್ಲಿ ಕಲ್ಲು, ಕಟ್ಟಿಗೆ ಆರಿಸಿ ಆಯುಧ ಮಾಡುವ 'ಕ್ರಾಫ್ಟಿಂಗ್' ಇರುತ್ತದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಕಲ್ಲು ಒಡೆದು ಕೈಕೊಡಲಿ ಮಾಡುತ್ತಿದ್ದ ಜಾಗ ಸಿಕ್ಕಿದೆ. ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದ ಆ ಜಾಗದ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದು ಅಂತ ಅಂದಾಜಿಸಲಾಗಿದೆ. ಬೂದಿಹಾಳದಲ್ಲಿ ನವಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟು ಉಳಿಸಿಹೋದ ಬೂದಿದಿಬ್ಬ ಇದೆ. ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ, ಗುರುಮಠಕಲ್ ಹತ್ತಿರ ಮಳೆಗಾಲದಲ್ಲಷ್ಟೇ ಧುಮುಕುವ ದಬದಬಿ ಜಲಪಾತ. ಇಷ್ಟೆಲ್ಲ ಇಟ್ಟುಕೊಂಡು ಹಿಮದ ಗುಹೆ ಯಾಕೆ ಬೇಕು?

ನೆಲದ ಜೊತೆ ಕಾಲವೂ ಬರಲಿ. ಮಳೆ ಕೈಕೊಟ್ಟ ವರ್ಷ ತೊಗರಿ ಒಣಗಲಿ, ಅರ್ಧ ಊರು ಗುಳೆ ಹೋಗಲಿ, ಕಥೆ ಹೇಳಬೇಕಿದ್ದ ಅಜ್ಜಿಯ ಮನೆಗೆ ಬೀಗ ಬಿದ್ದಿರಲಿ. ಬೀಗ ಹಾಕಿದ ಮನೆ ಮುಂದೆ ನಿಂತ ಆಟಗಾರನಿಗೆ 'ಆಯ್ಕೆಗೆ ಪರಿಣಾಮ ಇರಬೇಕು' ಅನ್ನುವುದರ ಇನ್ನೊಂದು ಅರ್ಥ ತಿಳಿಯುತ್ತದೆ: ಕೆಲವರಿಗೆ ಆಯ್ಕೆಯೇ ಇರುವುದಿಲ್ಲ.

ಎಲ್ಲವೂ ಕತ್ತಿಯಿಂದಲೇ ಮುಗಿಯಬೇಕಿಲ್ಲ. 2019ರಲ್ಲಿ ಬಂದ 'ಡಿಸ್ಕೋ ಎಲಿಸಿಯಂ' ಆಟದಲ್ಲಿ ಹೊಡೆದಾಟದ ವ್ಯವಸ್ಥೆಯೇ ಇಲ್ಲ, ಹೆಚ್ಚೂಕಡಿಮೆ ಇಡೀ ಆಟ ಮಾತುಕತೆ. ನಮ್ಮಲ್ಲಿ 'ಶೂನ್ಯಸಂಪಾದನೆ' ಇದೆ. ಅಲ್ಲಮಪ್ರಭು ಊರೂರು ನಡೆದು, ಒಬ್ಬೊಬ್ಬರ ಜೊತೆ ವಾದ ಮಾಡುತ್ತಾ ಹೋಗುವ ಸಂಭಾಷಣೆಯ ಗ್ರಂಥ ಅದು. ಎದುರಾಳಿಯನ್ನು ಮುಗಿಸದೆ ಬದಲಿಸುವ ಆಟಕ್ಕೆ ಅದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ನಾಲ್ಕು: ನಮ್ಮ ಭಾಷೆಯಲ್ಲಿ, ನಮ್ಮ ಫೋನಿನಲ್ಲಿ

ಗುರುಮಠಕಲ್ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ತೆಲುಗು, ದಖನಿ ಉರ್ದು ಮೂರೂ ಕಿವಿಗೆ ಬೀಳುತ್ತವೆ. ಆಟದಲ್ಲೂ ಹಾಗೇ ಇರಲಿ. ಎಲ್ಲ ಪಾತ್ರಗಳೂ ಟಿವಿ ನ್ಯೂಸ್ ಓದುವವರ ಹಾಗೆ ಮಾತಾಡಿದರೆ ನಮ್ಮ ಹುಡುಗ ಮತ್ತೆ ಹೊರಗಿನವನೇ ಆಗುತ್ತಾನೆ.

ಇದಕ್ಕೆ ತಾಂತ್ರಿಕ ಅಡ್ಡಿಯೂ ಇದೆ. ಕನ್ನಡದಲ್ಲಿ ಒತ್ತಕ್ಷರ, ಗುಣಿತಾಕ್ಷರಗಳನ್ನು ಸರಿಯಾಗಿ ಜೋಡಿಸಲು ಬೇರೆ ತಂತ್ರಾಂಶ ಬೇಕು. ಬಹಳ ಜನ ಬಳಸುವ ಯೂನಿಟಿ ಎಂಜಿನ್‌ನ ಟೆಕ್ಸ್ಟ್‌ಮೆಶ್ ಪ್ರೊ ಈ ಜೋಡಣೆ ಮಾಡುವುದಿಲ್ಲ. 'ಶಸ್ತ್ರ' ಅಂತ ಬರೆದರೆ ಅಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ. 2023ರಲ್ಲಿ ಬಂದ ಗೋಡೋ 4 ಎಂಬ ಉಚಿತ, ಮುಕ್ತ ಎಂಜಿನ್‌ನಲ್ಲಿ ಇದಕ್ಕೆ ವ್ಯವಸ್ಥೆ ಇದೆ. ಅಂದರೆ ದಾರಿ ತೆರೆದಿದೆ. ಇನ್ನು, ಆಟ ಸಾದಾ ಫೋನಿನಲ್ಲಿ ನಡೆಯಬೇಕು, ನೆಟ್ ಇಲ್ಲದಾಗಲೂ ಓಡಬೇಕು. ಕಣ್ಣು ಕುಕ್ಕುವ ಚಿತ್ರ ಬೇಡ, ಕೈಯಲ್ಲಿ ಬರೆದ ಸರಳ ಚಿತ್ರ ಸಾಕು.

ಯಾರು ಮಾಡಬೇಕು?

ಇಷ್ಟೆಲ್ಲಾ ಮಾಡೋಕೆ ದುಡ್ಡು ಎಲ್ಲಿದೆ ಅಂತ ಕೇಳಬಹುದು. ಪುಣೆಯ ನಾಡಿಂಗ್ ಹೆಡ್ಸ್ ತಂಡ 2020ರಲ್ಲಿ 'ರಾಜಿ' ಆಟ ತರುವ ಮುಂಚೆ ಜನರಿಂದ ಹಣ ಸಂಗ್ರಹಿಸಲು ಹೋಗಿ ಗುರಿ ಮುಟ್ಟಲಾಗದೆ ಒದ್ದಾಡಿತ್ತು. 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಹಳ್ಳಿಯ ಬೇಸಾಯದ ಆಟವನ್ನು ಎರಿಕ್ ಬರೋನ್ ಒಬ್ಬನೇ ಕೂತು ನಾಲ್ಕು ವರ್ಷಕ್ಕೂ ಹೆಚ್ಚು ದುಡಿದು 2016ರಲ್ಲಿ ತಂದ. ಸಣ್ಣದಾಗಿ ಶುರುಮಾಡಿದವರು ಇದ್ದಾರೆ, ಆದರೆ ಅವರ ಬೆನ್ನಿಗೆ ಬಿಡುವು ಇತ್ತು, ಕಂಪ್ಯೂಟರ್ ಇತ್ತು.

ಅನಿಮೇಷನ್, ಗೇಮಿಂಗ್‌ಗೆ ಪ್ರತ್ಯೇಕ ನೀತಿ ಮಾಡಿದ ಮೊದಲ ರಾಜ್ಯ ಕರ್ನಾಟಕ. ಅದು 2012ರ ಮಾತು. ಈಗ 2024–29ರ ಹೊಸ ನೀತಿಯೂ ಬಂದಿದೆ. ಅದರ ಫಲ ಬೆಂಗಳೂರಿನ ರಿಂಗ್ ರೋಡ್ ದಾಟಿ ಬರಬೇಕು. ಕಲ್ಯಾಣ ಕರ್ನಾಟಕಕ್ಕೆ 371(ಜೆ) ಸಿಕ್ಕಿ ದಶಕ ಕಳೆದಿದೆ. ರಸ್ತೆ, ಕಟ್ಟಡದ ಲೆಕ್ಕದ ಜೊತೆ, ಸರ್ಕಾರಿ ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಸಂಜೆ ಹೊತ್ತು ಕಥೆ ಕಟ್ಟುವ ಮಕ್ಕಳಿಗೆ ತೆರೆದಿಡಿ ಅಂತ ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಹುಡುಗನಿಗೆ ಟ್ವೈನ್ ಎಂಬ ಉಚಿತ ಸಾಧನ ತೋರಿಸಿ ಬಂದಿದ್ದೇನೆ. ಪ್ರೋಗ್ರಾಮಿಂಗ್ ಬಾರದಿದ್ದರೂ ಆಯ್ಕೆಗಳಿರುವ ಕಥೆಯನ್ನು ಅದರಲ್ಲಿ ಕಟ್ಟಬಹುದು. ಹೋದ ವಾರ ಫೋನ್ ಮಾಡಿದ್ದ. ಅವನ ಕಥೆ ಗುರುಮಠಕಲ್ ಬಸ್ ಸ್ಟ್ಯಾಂಡಿನಿಂದ ಶುರುವಾಗುತ್ತದೆ. ನಾಯಕಿ ಹೈದರಾಬಾದಿನ ಕಟ್ಟಡ ಕೆಲಸದಿಂದ ವಾಪಸ್ ಬಂದ ಹುಡುಗಿ.

"ಕಾಕಾ, ಆಕಿಗಿ ಲೆವೆಲ್ ಒಂದರಾಗ ಏನ್ ಕೊಡ್ಲಿ? ಕತ್ತಿ ಕೊಡ್ಲೇನು?"

ಆಕೆಗೆ ಈಗಾಗಲೇ ಏನು ಬರುತ್ತೆ ಅಂತ ಮೊದಲು ಕೇಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಮೂರು ಭಾಷಾ ಬರ್ತಾವ. ಗ್ವಾಡಿ ಕಟ್ಲಾಕ ಬರ್ತದ."