ಸಂಬಳವಿಲ್ಲದ ಮನೆಯಲ್ಲಿ ಆಗಮನ ಕಾಲ

ಕೋಲ್ಕತಾ: ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್ ಎಂದರೆ ಐಟಿ ಕಚೇರಿಗಳ ಬಡಾವಣೆ. ತಿಂಗಳ ಕೊನೆಗೆ ಸಂಬಳ, ಪಿಎಫ್, ವಿಮೆ, ಗೃಹಸಾಲದ ಕಂತು ಎಂದು ನಾಳೆಯ ಲೆಕ್ಕವನ್ನು ಇಂದೇ ಬರೆದಿಡುವ ಜಾಗ. ಅಲ್ಲಿಂದ ಮೆಟ್ರೋ ಹತ್ತಿ ಸಿಯಾಲ್ದಾದಲ್ಲಿ ಇಳಿದು, ಎ.ಜೆ.ಸಿ. ಬೋಸ್ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ 54ಎ ನಂಬರಿನ ಕಟ್ಟಡ ಸಿಗುತ್ತದೆ. ಅದು ಮದರ್ ತೆರೇಸಾ ಅವರ ಮಿಷನರೀಸ್ ಆಫ್ ಚಾರಿಟಿಯ ಮದರ್ ಹೌಸ್. ಇಲ್ಲಿನ ಧರ್ಮಭಗಿನಿಯರಿಗೆ ಸಂಬಳವಿಲ್ಲ. ತಲಾ ಮೂರು ಸೀರೆ. ಅವನ್ನು ನೇಯುವವರು ಟಿಟಾಗಢದ ಕುಷ್ಠರೋಗಿಗಳ ಆಶ್ರಮದವರು.

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಯನ್ನು ಕ್ರೈಸ್ತ ಬಾಂಧವರು ಆಗಮನ ಕಾಲವೆಂದು ಆಚರಿಸುತ್ತಾರೆ. ದೇವರು ಕೊಡುತ್ತಾನೆಂದು ನಂಬಿ ಕಾಯುವ ದಿನಗಳಿವು. 1950ರ ಅಕ್ಟೋಬರ್ 7ರಂದು ಆರಂಭವಾದ ಈ ಸಂಸ್ಥೆಗೆ ಮಾತ್ರ ವರ್ಷವಿಡೀ ಇದೇ ಪಾಠ.

ಮುಂಬಯಿಯ ಹಿರಿಯರಿಗೆ 1964ರ ಯೂಖರಿಸ್ಟಿಕ್ ಸಮ್ಮೇಳನ ನೆನಪಿರಬಹುದು. ಆ ಡಿಸೆಂಬರ್‌ನಲ್ಲಿ, ಆಗಮನ ಕಾಲದಲ್ಲೇ, ಪೋಪ್ ಆರನೇ ಪೌಲ್ ನಗರಕ್ಕೆ ಬಂದಿದ್ದರು. ತಮ್ಮ ಓಡಾಟಕ್ಕಾಗಿ ಬಂದಿದ್ದ ಬಿಳಿ ಲಿಂಕನ್ ಕಾರನ್ನು ಹೊರಡುವಾಗ ಮದರ್ ತೆರೇಸಾ ಅವರಿಗೆ ಕೊಟ್ಟುಹೋದರು. ಬಡವರ ಮನೆಗೆ ಅಷ್ಟುದ್ದದ ಕಾರು ಯಾತಕ್ಕೆ? ಮದರ್ ಅದರಲ್ಲಿ ಓಡಾಡಲಿಲ್ಲ, ಸುಮ್ಮನೆ ಮಾರಲೂ ಇಲ್ಲ. ಕಾರನ್ನೇ ಬಹುಮಾನವಾಗಿಟ್ಟು ಲಾಟರಿ ಟಿಕೆಟ್ ಮಾರಿಸಿದರು. ಮಾರಿದ್ದರೆ ಸಿಗುತ್ತಿದ್ದುದಕ್ಕಿಂತ ಹೆಚ್ಚು ಹಣ ಕೂಡಿತು. ಅದು ಅಸನ್ಸೋಲ್ ಬಳಿಯ ಶಾಂತಿನಗರ ಕುಷ್ಠರೋಗಿಗಳ ವಸತಿಗೆ ಹೋಯಿತು. ದೇವರ ಮೇಲೆ ಭಾರ ಹಾಕಿದವರು ಕೈಕಟ್ಟಿ ಕೂರುತ್ತಾರೆ ಎನ್ನುವವರು ಈ ವ್ಯವಹಾರಜ್ಞಾನವನ್ನು ಗಮನಿಸಬೇಕು! 1979ರ ಡಿಸೆಂಬರ್‌ನಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೂ ಔತಣಕೂಟ ಬೇಡ, ಆ ಹಣ ಬಡವರಿಗಿರಲಿ ಎಂದು ಕೇಳಿಕೊಂಡರು.

ನಂಬಿಕೆಗೆ ನಿಜವಾದ ಪರೀಕ್ಷೆ ಬಂದದ್ದು 2021ರಲ್ಲಿ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಯ ನೋಂದಣಿ ನವೀಕರಣದ ಅರ್ಜಿಯನ್ನು ಕೇಂದ್ರ ಗೃಹ ಸಚಿವಾಲಯ ಡಿಸೆಂಬರ್ 25ರಂದು, ಕ್ರಿಸ್ಮಸ್ ದಿನವೇ, ನಿರಾಕರಿಸಿತು. ಹಳೆಯ ನೋಂದಣಿಯ ಅವಧಿ ವರ್ಷದ ಕೊನೆಯ ದಿನದವರೆಗೆ ಮಾತ್ರ. ಖಾತೆಗಳನ್ನು ತಾನು ಸ್ಥಗಿತಗೊಳಿಸಿಲ್ಲವೆಂದು ಸಚಿವಾಲಯ ಸ್ಪಷ್ಟಪಡಿಸಿತು. ವಿಷಯ ಇತ್ಯರ್ಥವಾಗುವವರೆಗೆ ವಿದೇಶಿ ದೇಣಿಗೆಯ ಖಾತೆ ಬಳಸಬೇಡಿ ಎಂದು ಸಂಸ್ಥೆಯೇ ತನ್ನ ಕೇಂದ್ರಗಳಿಗೆ ಸೂಚಿಸಿತ್ತು. ಪಾಸ್‌ಬುಕ್ಕಿನಲ್ಲಿ ಹಣವಿದ್ದೂ ಮುಟ್ಟುವಂತಿಲ್ಲ ಎಂದರೆ ಏನೆಂದು ಮನೆ ನಡೆಸುವ ಯಾರಿಗೂ ವಿವರಿಸಬೇಕಾಗಿಲ್ಲ. ಅನಾಥ ಮಕ್ಕಳಿಗೂ ಹಾಸಿಗೆ ಹಿಡಿದವರಿಗೂ ಹೊತ್ತು ಹೊತ್ತಿಗೆ ಊಟ, ಔಷಧ ಆಗಲೇಬೇಕು.

ಕೈ ಚಾಚಿದವರಲ್ಲಿ ಒಡಿಶಾ ಸರಕಾರವೂ ಒಂದು. ತನ್ನ ರಾಜ್ಯದಲ್ಲಿ ಸಂಸ್ಥೆ ನಡೆಸುವ 13 ಕೇಂದ್ರಗಳಿಗೆ ಅಂದಿನ ಮುಖ್ಯಮಂತ್ರಿ ನವೀನ್ ಪಟ್ನಾಯಕ್ ಪರಿಹಾರ ನಿಧಿಯಿಂದ 78.76 ಲಕ್ಷ ರೂಪಾಯಿ ಮಂಜೂರು ಮಾಡಿದರು. ಅದೇ 2022ರ ಜನವರಿ ಎರಡನೇ ವಾರದೊಳಗೆ ನೋಂದಣಿಯೂ ಮರಳಿ ಬಂತು. ಅಷ್ಟು ದಿನವೂ ಈ ಮನೆಗಳಲ್ಲಿ ಒಲೆ ಆರಿರಲಿಲ್ಲ.

ಮದರ್ ಹೌಸ್‌ನಲ್ಲಿ ಮದರ್ ತೆರೇಸಾ ಅವರ ಸಮಾಧಿಯೂ ಇದ್ದು, ಪ್ರವೇಶಕ್ಕೆ ಶುಲ್ಕವಿಲ್ಲ. ಗುರುವಾರ ಸಂದರ್ಶಕರಿಗೆ ರಜೆ. ಸೆಕ್ಟರ್ ಫೈವ್‌ನಿಂದ ಹೋಗುವ ಕನ್ನಡಿಗ ಬಾಂಧವರು ಉಳಿದ ದಿನಗಳಲ್ಲಿ ಬೆಳಗ್ಗೆ ಅಥವಾ ಮಧ್ಯಾಹ್ನ ಮೂರರ ನಂತರ ಹೋದರೆ ಅನುಕೂಲ.