ಸೈನೈಡ್ ದಿಬ್ಬದಿಂದ ಶತಶೃಂಗದವರೆಗೆ: ಕ್ಯಾಮೆರಾ ಹೊತ್ತು ನಡೆಯುವವರ ತಪ್ಪು ಕಲ್ಪನೆಗಳು

ಬಂಗಾರಪೇಟೆ ಜಂಕ್ಷನ್‌ನಲ್ಲಿ ಕವಲೊಡೆದು ಮಾರಿಕುಪ್ಪಂಗೆ ಹೋಗುವ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ದಾಟಿ ಸುಮಾರು 16 ಕಿಲೋಮೀಟರಿನಲ್ಲೇ ಓಟ ಮುಗಿಸುತ್ತದೆ. ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವವರೇ ಈ ದಾರಿಯ ಬಹುಪಾಲು ಪ್ರಯಾಣಿಕರು. 2018ರಲ್ಲಿ ‘ಕೆ.ಜಿ.ಎಫ್’ ಸಿನಿಮಾ ತೆರೆಕಂಡ ಮೇಲೆ ಅವರ ನಡುವೆ ಬೆನ್ನಿಗೆ ಕ್ಯಾಮೆರಾ ಚೀಲ, ಕೈಯಲ್ಲಿ ಟ್ರೈಪಾಡ್ ಹಿಡಿದವರೂ ಕಾಣುತ್ತಾರೆ. ಕೆಲವರು ಕೋಲಾರ ಚಿನ್ನದ ಗಣಿ ಪ್ರದೇಶದ (ಕೆಜಿಎಫ್) ಸೈನೈಡ್ ದಿಬ್ಬಗಳನ್ನು, ಅಂದರೆ ಅದಿರು ಅರೆದು ಉಳಿದ ಪುಡಿಯ ರಾಶಿಗಳನ್ನು, ನೋಡಿ ಸಂಜೆಗೇ ಹಿಂದಿರುಗುತ್ತಾರೆ. ಕೆಲವರು ಕೋಲಾರದ ಬೆಟ್ಟಗಳನ್ನೂ ಸೇರಿಸಿಕೊಂಡು ಎರಡು ಮೂರು ದಿನ ನಡೆಯುವ ಉತ್ಸಾಹದಲ್ಲಿರುತ್ತಾರೆ. ಆ ಉತ್ಸಾಹ ದೊಡ್ಡದು. ಆದರೆ ಅದರ ಜೊತೆಗೆ ಅಂಗಡಿ ಮಾತು, ಗೆಳೆಯರ ಮಾತು, ಸಿನಿಮಾ ಕಟ್ಟಿಕೊಟ್ಟ ಚಿತ್ರ ಎಲ್ಲ ಸೇರಿ ಹಲವು ತಪ್ಪು ತಿಳಿವಳಿಕೆಗಳೂ ಹೊರಡುತ್ತವೆ. ಇವುಗಳಲ್ಲಿ ಕೆಲವು ಚಿತ್ರವನ್ನು ಕೆಡಿಸುತ್ತವೆ, ಕೆಲವು ಆರೋಗ್ಯವನ್ನೇ ಕೆಡಿಸುತ್ತವೆ.

ತಪ್ಪು ಕಲ್ಪನೆ 1: ಕೆಜಿಎಫ್ ಸುತ್ತ ತೆಗೆಯಲು ಇರುವುದು ಸೈನೈಡ್ ದಿಬ್ಬ ಮಾತ್ರ. ನಿಸರ್ಗ ಬೇಕಾದರೆ ಮಲೆನಾಡಿಗೇ ಹೋಗಬೇಕು.

ಸತ್ಯ: ಕೋಲಾರದ ಚಿನ್ನದ ಪಟ್ಟಿ ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದಕ್ಕೆ ಹಬ್ಬಿದೆ. ಅದರ ಶಿಲೆಗಳಿಗೆ ಸುಮಾರು 270 ಕೋಟಿ ವರ್ಷಗಳ ವಯಸ್ಸು. ಕೆಜಿಎಫ್ ಬಳಿಯ ಪೆದ್ದಪಲ್ಲಿಯಲ್ಲಿ ನೀರಿನಡಿ ಉಕ್ಕಿ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾ ಶಿಲೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕೋಲಾರದ ಪಕ್ಕದಲ್ಲೇ ಶತಶೃಂಗ ಸಾಲು, ಅಂತರಗಂಗೆಯ ಉರುಟು ಬಂಡೆಗಳು, ಗುಹೆಗಳು. ಆ ಬೆಟ್ಟದ ನೆತ್ತಿಯ ಮೇಲೆ ತೇರಹಳ್ಳಿಯಂಥ ಜನವಸತಿ. ಇತ್ತ ಪಾಲಾರ್ ನೀರು ನಿಲ್ಲುವ ಬೇತಮಂಗಲದ ಕೆರೆ. ಬಂಗಾರಪೇಟೆ ತಾಲ್ಲೂಕಿನಲ್ಲಿ ಹೈದರಾಲಿ ಹುಟ್ಟಿದ ಬೂದಿಕೋಟೆ, ಯರಗೋಳ್ ಅಣೆಕಟ್ಟು, ಆಂಧ್ರ ಮತ್ತು ತಮಿಳುನಾಡಿನ ಗಡಿಗೆ ತಾಗಿದ ಕಾಮಸಮುದ್ರದ ಕುರುಚಲು ಕಾಡು. ಮಲೆನಾಡಿನ ಹಸಿರು ಇಲ್ಲಿಲ್ಲ, ನಿಜ. ಬಂಡೆ, ಬಯಲು, ಕೆರೆ, ತೆರೆದ ಆಕಾಶ ಇಲ್ಲಿನ ಸೊಬಗು. ಅದನ್ನು ಅದರ ಲೆಕ್ಕದಲ್ಲೇ ನೋಡಬೇಕು.

ತಪ್ಪು ಕಲ್ಪನೆ 2: ಒಳ್ಳೆಯ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮೆರಾ, ಇರುವ ಲೆನ್ಸ್‌ಗಳೆಲ್ಲ ಜೊತೆಗಿರಬೇಕು.

ಸತ್ಯ: ಈ ಸೀಮೆಯ ನಡಿಗೆಯಲ್ಲಿ ಚೀಲದ ಮೊದಲ ಹಕ್ಕುದಾರ ನೀರು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇಸಿಗೆಯಲ್ಲಿ ಕುಂಟೆ, ಕೆರೆಗಳು ಬತ್ತುತ್ತವೆ, ಬಂಡೆ ಕಾದು ಮೇಲಿನಿಂದಲೂ ಕೆಳಗಿನಿಂದಲೂ ಝಳ ಹೊಡೆಯುತ್ತದೆ. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರೆಂದರೆ ನಾಲ್ಕು ಕಿಲೋ ತೂಕ. ಅದರ ಮೇಲೆ ನಾಲ್ಕು ಕಿಲೋ ಕ್ಯಾಮೆರಾ ಸಾಮಾನು ಹೇರಿದರೆ ಮೊದಲು ಕೈಬಿಡುವುದು ನೀರನ್ನೇ. ಅಪಾಯ ಶುರುವಾಗುವುದು ಅಲ್ಲಿಂದ.

24 ಮೆಗಾಪಿಕ್ಸೆಲ್‌ನ ಸಾಧಾರಣ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ ಇರುತ್ತದೆ. ಇಂಚಿಗೆ 300 ಚುಕ್ಕಿಯ ಉತ್ತಮ ಮುದ್ರಣದಲ್ಲಿ ಅದು 20 ಇಂಚು ಅಗಲಕ್ಕೆ ಬರುತ್ತದೆ, ಮನೆಯ ಗೋಡೆಗೆ ಅಷ್ಟು ಧಾರಾಳ. ಒಂದು ಬಾಡಿ, ಒಂದು ಸಾಮಾನ್ಯ ಝೂಮ್, ಒಂದು ಹಗುರ ಟೆಲಿಝೂಮ್, ಎರಡು ಬ್ಯಾಟರಿ, ಸಣ್ಣ ಟ್ರೈಪಾಡ್, ಇಷ್ಟು ಮೂರು ದಿನಕ್ಕೆ ಸಾಕು. 1854ರಲ್ಲಿ ಬೇಲೂರು, ಹಳೇಬೀಡುಗಳ ಚಿತ್ರ ತೆಗೆದ ಲಿನಿಯಸ್ ಟ್ರೈಪ್‌ನ ಕಾಲದಲ್ಲಿ ಭಾರ ಅನಿವಾರ್ಯವಾಗಿತ್ತು; ಚಿತ್ರದಷ್ಟೇ ದೊಡ್ಡ ನೆಗೆಟಿವ್, ಅದಕ್ಕೆ ತಕ್ಕ ಪೆಟ್ಟಿಗೆ, ರಾಸಾಯನಿಕ ಎಲ್ಲ ಹೊರಬೇಕಿತ್ತು. ಇವತ್ತು ಆ ಭಾರ ಹೊರಲು ಕಾರಣವೇ ಇಲ್ಲ.

ತಪ್ಪು ಕಲ್ಪನೆ 3: ಲ್ಯಾಂಡ್‌ಸ್ಕೇಪ್ ಎಂದರೆ ವೈಡ್ ಆ್ಯಂಗಲ್ ಲೆನ್ಸ್.

ಸತ್ಯ: ಅಂತರಗಂಗೆಯ ಬಂಡೆಗಳ ಸಂದಿಯಲ್ಲಿ, ಎದುರಿಗೇ ದೊಡ್ಡ ಕಲ್ಲಿರುವಾಗ ವೈಡ್ ಲೆನ್ಸ್ ಚೆನ್ನ. ಬಂಗಾರಪೇಟೆ ಸುತ್ತಿನ ಬಯಲಿನಲ್ಲಿ ಅದೇ ಲೆನ್ಸ್ ಬೆಟ್ಟವನ್ನು ಗೆರೆಯಷ್ಟು ಕುಗ್ಗಿಸಿ, ಖಾಲಿ ನೆಲವನ್ನೂ ಖಾಲಿ ಆಕಾಶವನ್ನೂ ತುಂಬಿಬಿಡುತ್ತದೆ. ಇಲ್ಲಿ 70ರಿಂದ 200 ಮಿಲಿಮೀಟರ್‌ವರೆಗಿನ ಲೆನ್ಸ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದರ ಹಿಂದೊಂದು ನಿಂತ ಗುಡ್ಡಗಳು ಹತ್ತಿರ ಬರುತ್ತವೆ. ಗಣಿಯ ಕಬ್ಬಿಣದ ಶಾಫ್ಟ್ ಗೋಪುರ, ಅದರ ಹಿಂದಿನ ದಿಬ್ಬ, ಮುಂದಿನ ಕಾರ್ಮಿಕರ ಸಾಲುಮನೆಗಳು ಒಂದೇ ಚೌಕಟ್ಟಿನಲ್ಲಿ ಕೂಡುತ್ತವೆ.

ತಪ್ಪು ಕಲ್ಪನೆ 4: ಹತ್ತಿರದ್ದು, ದೂರದ್ದು ಎರಡೂ ಸ್ಪಷ್ಟವಾಗಿ ಬರಬೇಕಾದರೆ ಅಪರ್ಚರ್ ಎಫ್/22ಕ್ಕೆ ಇಡಬೇಕು.

ಸತ್ಯ: ಅಪರ್ಚರ್ ತೀರಾ ಕಿರಿದಾದರೆ ಬೆಳಕು ಅಂಚಿಗೆ ತಾಗಿ ಹರಡಿಕೊಳ್ಳುತ್ತದೆ. ಆಗ ಹತ್ತಿರದ್ದು, ದೂರದ್ದು ಎಲ್ಲವೂ ಸ್ವಲ್ಪ ಸ್ವಲ್ಪ ಮಸುಕಾಗುತ್ತದೆ. ಹೆಚ್ಚಿನ ಲೆನ್ಸ್‌ಗಳು ಎಫ್/8, ಎಫ್/11ರ ಆಸುಪಾಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಉಳಿದದ್ದು ಫೋಕಸ್ ಎಲ್ಲಿಡುತ್ತೀರಿ ಎಂಬುದರ ಮೇಲಿದೆ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿಲಿಮೀಟರ್ ಲೆನ್ಸ್, ಎಫ್/11 ಇಟ್ಟು ಸುಮಾರು 1.8 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಕ್ಯಾಮೆರಾದಿಂದ 90 ಸೆಂಟಿಮೀಟರ್ ಆಚೆಗಿನ ಹುಲ್ಲಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಎಪಿಎಸ್-ಸಿ ಕ್ಯಾಮೆರಾದಲ್ಲಿ 18 ಮಿಲಿಮೀಟರ್, ಎಫ್/8 ಇಟ್ಟರೆ ಎರಡು ಮೀಟರ್‌ಗೆ ಫೋಕಸ್ ಮಾಡಿ.

ತಪ್ಪು ಕಲ್ಪನೆ 5: ಸೂರ್ಯೋದಯದ ಹೊಂಬೆಳಕು ಒಂದು ಗಂಟೆ ಇರುತ್ತದೆ. ಮೋಡ ಕವಿದರೆ ದಿನ ದಂಡ.

ಸತ್ಯ: ಆ ಒಂದು ಗಂಟೆಯ ಲೆಕ್ಕ ದೂರದ ಉತ್ತರ ದೇಶಗಳಿಗೆ ಸರಿ. ಕೆಜಿಎಫ್ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಮೇಲೇರುತ್ತಾನೆ. ಮಾರ್ಚ್, ಸೆಪ್ಟೆಂಬರ್ ತಿಂಗಳ ವಿಷುವದ ಹೊತ್ತಿಗೆ ದಿಗಂತದಿಂದ ಆರು ಡಿಗ್ರಿ ಎತ್ತರಕ್ಕೇರಲು ಅವನಿಗೆ ಸುಮಾರು 25 ನಿಮಿಷ ಸಾಕು. ಲಂಡನ್‌ನಲ್ಲಿ ಸುಮಾರು 40 ನಿಮಿಷ ಬೇಕು. ಆದ್ದರಿಂದ ಹಿಂದಿನ ಸಂಜೆಯೇ ಜಾಗ ನೋಡಿಟ್ಟುಕೊಳ್ಳಬೇಕು, ಸೂರ್ಯ ಹುಟ್ಟುವ ಮೊದಲೇ ಟ್ರೈಪಾಡ್ ನಿಂತಿರಬೇಕು. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಆಗ ಬಂಡೆಗಳ ನೆರಳು ಬುಡದಲ್ಲೇ ಅಡಗಿ, ಅವುಗಳ ಉಬ್ಬುತಗ್ಗು ಚಿತ್ರದಲ್ಲಿ ಕಾಣುವುದಿಲ್ಲ. ಆ ಹೊತ್ತು ವಿಶ್ರಾಂತಿಗೆ ಸರಿ.

ಮೋಡವನ್ನು ದೂರಬೇಡಿ. ಇಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ನಿಂತ ಮಾರನೆಯ ದಿನ ಗಾಳಿಯ ಧೂಳು ತೊಳೆದುಹೋಗಿ ದೂರದ ಗುಡ್ಡಗಳು ನಿಚ್ಚಳವಾಗಿ ಕಾಣುತ್ತವೆ. ಒದ್ದೆ ಬಂಡೆಯ ಬಣ್ಣ ಗಾಢವಾಗುತ್ತದೆ. ವರ್ಷದಲ್ಲಿ ಇಲ್ಲಿನ ಬೆಟ್ಟಗಳಿಗೆ ಅದೇ ಒಳ್ಳೆಯ ಕಾಲ.

ತಪ್ಪು ಕಲ್ಪನೆ 6: ಸೈನೈಡ್ ದಿಬ್ಬ ಮುಟ್ಟಿದರೆ ಸಾವು. ಅಥವಾ, ಏನೂ ಆಗುವುದಿಲ್ಲ, ಮೇಲೆ ಹತ್ತಿ ಎಷ್ಟು ಬೇಕಾದರೂ ಚಿತ್ರ ತೆಗೆಯಬಹುದು.

ಸತ್ಯ: ಎರಡೂ ತಪ್ಪು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಈ ದಿಬ್ಬಗಳು. ಹದಿಮೂರು ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಪುಡಿಯಿದೆ. ಸೈನೈಡ್ ಬಿಸಿಲು ಮತ್ತು ಗಾಳಿಗೆ ಕಾಲಕ್ರಮೇಣ ಒಡೆದುಹೋಗುವ ವಸ್ತು. ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಹಾಗಾಗಿ ಮುಟ್ಟಿದ ಕೂಡಲೇ ಸಾವು ಎಂಬ ಮಾತಿಗೆ ಆಧಾರವಿಲ್ಲ.

ನಿಜವಾದ ಅಪಾಯ ಧೂಳು. ಅರೆದ ಕಲ್ಲಿನ ಸಿಲಿಕಾ ಕಣಗಳು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ. ಸುಮಾರು 3.2 ಕಿಲೋಮೀಟರ್ ಆಳದವರೆಗೆ ಇಳಿದು ದುಡಿದ ಗಣಿ ಕಾರ್ಮಿಕರ ಎಷ್ಟೋ ಕುಟುಂಬಗಳು ಸಿಲಿಕೋಸಿಸ್ ಏನೆಂಬುದನ್ನು ಮನೆಯಲ್ಲೇ ಕಂಡಿವೆ. ಗಾಳಿಗಾಲದಲ್ಲಿ ಈ ಧೂಳು ಇಂದಿಗೂ ಜನವಸತಿಯ ಮೇಲೆ ಹಾರುತ್ತದೆ. ಚಿತ್ರಕ್ಕಾಗಿ ದಿಬ್ಬದ ಮೇಲೆ ಓಡಿಸಿ, ಜಾರಿಸಿ, ಪುಡಿ ಎರಚಿಸುವವರು ಆ ಧೂಳನ್ನು ತಾವೂ ಕುಡಿಯುತ್ತಾರೆ, ಊರಿಗೂ ಕುಡಿಸುತ್ತಾರೆ. ಮಳೆ ಕೊರೆದ ಕೊರಕಲುಗಳ ಅಂಚು ಮೇಲೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿದ್ದು ಕುಸಿಯಬಹುದು. ಗಣಿ ಜಾಗಕ್ಕೆ ಕಾಲಿಡಲು ಅನುಮತಿಯೂ ಬೇಕು.

ಕ್ಯಾಮೆರಾಕ್ಕೂ ಇದೇ ಧೂಳು ಶತ್ರು. ಸಿಲಿಕಾ ಕಣ ಲೆನ್ಸ್ ಗಾಜಿಗಿಂತ ಗಟ್ಟಿ, ಒಣಬಟ್ಟೆಯಿಂದ ಉಜ್ಜಿದರೆ ಗೀರು ಖಚಿತ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಮೆತ್ತನೆ ಬ್ರಷ್ ಆಡಿಸಿ. ದಿಬ್ಬದ ಆಸುಪಾಸಿನಲ್ಲಿ ಲೆನ್ಸ್ ಬದಲಿಸಬೇಡಿ. ರಸ್ತೆ ಬದಿಯಿಂದ, ದೂರದಿಂದ, ಟೆಲಿಝೂಮ್‌ನಲ್ಲಿ ತೆಗೆದ ದಿಬ್ಬದ ಚಿತ್ರವೇ ಅದರ ಗಾತ್ರವನ್ನು ಚೆನ್ನಾಗಿ ಹೇಳುತ್ತದೆ. ದಿಬ್ಬಗಳಲ್ಲಿ ಉಳಿದ ಚಿನ್ನ ತೆಗೆಯುವ ಗಣಿಗಾರಿಕೆಗೆ 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ. ಇವು ಇದೇ ರೂಪದಲ್ಲಿ ಬಹುಕಾಲ ಇರಲಾರವು. ಆದ್ದರಿಂದ ಇವುಗಳ ಚಿತ್ರ ಮುಂದೆ ದಾಖಲೆಯೂ ಆಗುತ್ತದೆ. ದಿನಾಂಕ, ಜಾಗದ ಹೆಸರು ಬರೆದಿಡಿ.

ತಪ್ಪು ಕಲ್ಪನೆ 7: ಬೆಂಗಳೂರಿನ ಇಷ್ಟು ಹತ್ತಿರ ಆಕಾಶಗಂಗೆ ಸಿಗುವುದಿಲ್ಲ.

ಸತ್ಯ: ಬೆಂಗಳೂರಿನ ಬೆಳಕು ಪಶ್ಚಿಮದ ಆಕಾಶವನ್ನು ಕೆಡಿಸುತ್ತದೆ. ಆಕಾಶಗಂಗೆಯ ಉಜ್ವಲ ಭಾಗ ಹುಟ್ಟುವುದು ಆಗ್ನೇಯದಲ್ಲಿ, ಗಡಿಯ ಕಾಡಿನ ಕಡೆಗೆ. ಮಾರ್ಚ್‌ನಲ್ಲಿ ನಸುಕಿನ ಮೊದಲು, ಜೂನ್ ಹೊತ್ತಿಗೆ ರಾತ್ರಿಯ ಬಹುಪಾಲು ಅದು ಮೇಲಿರುತ್ತದೆ. ಅಮಾವಾಸ್ಯೆಯ ಆಸುಪಾಸು ಆರಿಸಿಕೊಂಡು, ಫುಲ್ ಫ್ರೇಮ್‌ನಲ್ಲಿ 24 ಮಿಲಿಮೀಟರ್‌ಗೆ 20 ಸೆಕೆಂಡ್ ಮೀರದಂತೆ ಶಟರ್ ತೆರೆದಿಟ್ಟರೆ ನಕ್ಷತ್ರ ಗೆರೆಯಾಗುವುದಿಲ್ಲ.

ತಪ್ಪು ಕಲ್ಪನೆ 8: ಗುಡ್ಡ, ಕಾಡು ಎಲ್ಲರದ್ದು. ಎಲ್ಲಿ ಬೇಕಾದರೂ ಮಲಗಬಹುದು, ಡ್ರೋನ್ ಹಾರಿಸಬಹುದು.

ಸತ್ಯ: ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಮಸಮುದ್ರದ ಕಡೆ ನೆರೆ ರಾಜ್ಯಗಳ ಕಾಡಿನಿಂದ ಆನೆಗಳು ಬರುತ್ತವೆ. ಅಲ್ಲಿ ರಾತ್ರಿ ಡೇರೆ ಹಾಕುವುದು ನಿಮಗೂ ಆಪತ್ತು, ಬೆದರಿದ ಆನೆಗಳಿಂದ ಮಾರನೆಯ ದಿನ ಹೊಲಕ್ಕೆ ಹೋಗುವ ರೈತರಿಗೂ ಆಪತ್ತು. ಡ್ರೋನ್‌ಗೆ 2021ರ ನಿಯಮಗಳಿವೆ. ಕೆಜಿಎಫ್‌ನಲ್ಲಿ ರಕ್ಷಣಾ ಇಲಾಖೆಗೆ ಸೇರಿದ ಬೆಮೆಲ್ ಕಾರ್ಖಾನೆ ಇದೆ, ಅದರ ಸುತ್ತ ಕ್ಯಾಮೆರಾ ಎತ್ತುವ ಮೊದಲು ಕೇಳಿ. ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿ ಉಳಿದುಕೊಂಡರೆ ದಾರಿ, ನೀರಿನ ಜಾಗ, ಬೆಳಕು ಬೀಳುವ ಬಂಡೆ ಎಲ್ಲವನ್ನೂ ಅವರೇ ತೋರಿಸುತ್ತಾರೆ.

ಹೊಸ ಲೆನ್ಸ್ ಕೊಳ್ಳುವ ಮೊದಲು ಈ ನೆಲವನ್ನು ಒಂದು ಸಲ ಕ್ಯಾಮೆರಾ ಇಲ್ಲದೆ ನಡೆದು ನೋಡಿ. ಎಲ್ಲಿ ನೀರಿದೆ, ಎಲ್ಲಿ ಬೆಳಕು ಮೊದಲು ತಾಗುತ್ತದೆ, ಎಲ್ಲಿಗೆ ಅನುಮತಿ ಬೇಕು ಎಂಬುದು ತಿಳಿದ ಮೇಲೆ ಚೀಲದಲ್ಲಿ ಏನಿರಬೇಕೆಂಬುದು ತಾನೇ ತೀರ್ಮಾನವಾಗುತ್ತದೆ. ಹೋಗುವಾಗ ನೀರು ಮತ್ತು ಮಾಸ್ಕ್ ಮರೆಯಬೇಡಿ, ಬರುವಾಗ ನಿಮ್ಮ ಕಸ ಅಲ್ಲಿ ಬಿಡಬೇಡಿ.