ಮನೆಗೊಂದು ಜಗಲಿ: ಅಳತೆ, ಅನುಮತಿ, ಲೆಕ್ಕಾಚಾರ

ಹಳೆಯ ಮನೆಗಳಿಗೆ ಜಗಲಿಯೇ ಮುಖ. ಬಂದವರು ಕಾಲು ತೊಳೆದು ಕೂರುವುದು, ಹಿರಿಯರು ಎಲೆ ಅಡಿಕೆ ಹಾಕಿಕೊಳ್ಳುವುದು, ಮಕ್ಕಳು ಮಗ್ಗಿ ಹೇಳುವುದು ಎಲ್ಲವೂ ಅಲ್ಲೇ. ಸರ್ಕಾರಿ ಶಾಲೆಗಳು ಹರಡುವ ಮುನ್ನ ಎಷ್ಟೋ ಊರುಗಳಲ್ಲಿ ಕೂಲಿಮಠ ನಡೆದದ್ದೂ ಜಗಲಿಯ ಮೇಲೆಯೇ. ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿದ ತಲೆಮಾರುಗಳು ಅಲ್ಲಿಂದ ಎದ್ದು ಬಂದವು. 2020ರಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿ, ‘ವಿದ್ಯಾಗಮ’ ಯೋಜನೆಯಡಿ ಪಾಠ ವಠಾರಕ್ಕೆ ಬಂದಾಗಲೂ ಮೇಷ್ಟ್ರಿಗೆ ಜಾಗ ಕೊಟ್ಟವು ಗುಡಿಯ ಅಂಗಳ, ಮರದ ನೆರಳು, ಮನೆಗಳ ಜಗಲಿ.

ಈಗ ಎರಡು ಕೋಣೆಯ ಮನೆಯಲ್ಲಿ ಒಂದೆಡೆ ಟಿ.ವಿ., ಇನ್ನೊಂದೆಡೆ ಕುಕ್ಕರಿನ ಸೀಟಿ. ಎಸ್ಸೆಸ್ಸೆಲ್ಸಿ ಓದುವ ಮಗಳಿಗೆ ಕುಳಿತುಕೊಳ್ಳಲು ಜಾಗವಿಲ್ಲ. ‘ಮುಂದೆ ಒಂದು ಜಗಲಿ ಎಳೆಸಿಬಿಡೋಣ’ ಎಂಬ ಮಾತು ಅಂಥ ಮನೆಗಳಲ್ಲಿ ಹುಟ್ಟುವುದು ಸಹಜ. ಆದರೆ ಮೇಸ್ತ್ರಿಯ ಬಾಯಿಲೆಕ್ಕವನ್ನು ನಂಬಿ ಗುದ್ದಲಿ ಹಾಕಿದರೆ, ಕಾಲೇಜು ಶುಲ್ಕಕ್ಕೆಂದು ಕೂಡಿಟ್ಟ ಹಣ ಸಿಮೆಂಟಿನಲ್ಲಿ ಹೂತುಹೋಗುತ್ತದೆ. ನಿಯಮ ಮೀರಿ ಕಟ್ಟಿದರಂತೂ ಕಟ್ಟಿದ ಖರ್ಚಿನ ಮೇಲೆ ಕೆಡವುವ ಖರ್ಚು.

ಮೊದಲು ಅಳತೆ

ನಿವೇಶನದ ಗಡಿಗೂ ಕಟ್ಟಡಕ್ಕೂ ನಡುವೆ ಇಂತಿಷ್ಟು ಜಾಗ ತೆರೆದಿರಬೇಕೆಂಬ ನಿಯಮವಿದೆ. ಇದೇ ಸೆಟ್‌ಬ್ಯಾಕ್. ನಿವೇಶನದ ಗಾತ್ರ, ಕಟ್ಟಡದ ಎತ್ತರ ಮತ್ತು ಊರನ್ನು ಅವಲಂಬಿಸಿ ಇದು ಬದಲಾಗುತ್ತದೆ. ಮನೆಯ ಮುಂದೆ 10 ಅಡಿ ಖಾಲಿ ಇದೆ, ನಿಯಮದಂತೆ 4 ಅಡಿ ಬಿಡಬೇಕು ಎಂದಿಟ್ಟುಕೊಳ್ಳಿ. ಉಳಿಯುವುದು 6 ಅಡಿ. ಜಗಲಿಯ ಅಗಲ ಅಷ್ಟೇ. ಗೋಡೆಯಿಂದಾಚೆ ಚಾಚುವ ಸೂರಿಗೂ ಮಿತಿಯುಂಟು. ಆದ್ದರಿಂದ ಅದರ ಅಳತೆಯೂ ನಕ್ಷೆಯಲ್ಲಿರಬೇಕು. ಸೂರಿನ ನೀರು ಪಕ್ಕದ ಮನೆಯವರ ಅಂಗಳಕ್ಕೆ ಬೀಳಬಾರದು. ಚರಂಡಿಯ ಮೇಲೆ ಮೆಟ್ಟಿಲು ಕಟ್ಟುವುದೂ ಸಲ್ಲದು, ಆ ಜಾಗ ಸಾರ್ವಜನಿಕರದು.

ದಿಕ್ಕನ್ನೂ ಗಮನಿಸಬೇಕು. ಪಡುವಣಕ್ಕೆ ತೆರೆದ ಜಗಲಿಯಲ್ಲಿ ಸಂಜೆಯ ಬಿಸಿಲು ಪುಸ್ತಕದ ಮೇಲೇ ಬೀಳುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಮುಂಗಾರಿನ ಇರಚಲೂ ಅತ್ತಲಿಂದಲೇ.

ಅನುಮತಿ ಎಲ್ಲಿಂದ?

‘ನಮ್ಮ ಜಾಗ, ನಮ್ಮ ಗೋಡೆ’ ಎಂಬ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಇರುವ ಮನೆಗೆ ಚಾವಣಿಯುಳ್ಳ ಹೊಸ ಭಾಗ ಸೇರಿಸುವುದೂ ಕಟ್ಟಡ ಕೆಲಸವೇ. ಮಹಾನಗರ ಪಾಲಿಕೆಗಳಲ್ಲಿ 1976ರ ಕಾಯ್ದೆ, ನಗರಸಭೆ ಪುರಸಭೆಗಳಲ್ಲಿ 1964ರ ಕಾಯ್ದೆ, ಗ್ರಾಮ ಪಂಚಾಯಿತಿಗಳಲ್ಲಿ 1993ರ ಕಾಯ್ದೆ ಇದಕ್ಕೆ ಆಧಾರ. ಬೆಂಗಳೂರಿಗೆ ಪ್ರತ್ಯೇಕ ಕಾಯ್ದೆಯಿದೆ. ಕ್ರಯಪತ್ರ ಅಥವಾ ಹಕ್ಕುಪತ್ರ, ಖಾತೆ, ಈ ಸಾಲಿನ ತೆರಿಗೆ ರಸೀದಿ, ಹಿಂದೆ ಮಂಜೂರಾದ ನಕ್ಷೆ ಇವನ್ನು ಜೋಡಿಸಿಟ್ಟುಕೊಂಡು, ಹೊಸ ಭಾಗವನ್ನು ಗುರುತಿಸಿದ ನಕ್ಷೆಯನ್ನು ನೋಂದಾಯಿತ ಎಂಜಿನಿಯರ್ ಒಬ್ಬರಿಂದ ಬರೆಸಿ, ಕಚೇರಿಯಲ್ಲಿ ವಿಚಾರಿಸುವುದು ಮೊದಲ ಹೆಜ್ಜೆ.

‘ಆಮೇಲೆ ಸಕ್ರಮ ಮಾಡಿಸಿದರಾಯಿತು’ ಎನ್ನುವವರಿದ್ದಾರೆ. ರಾಜ್ಯದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ವರ್ಷಗಳು ಕಳೆದವು, ಹಣ ಸುರಿದಾಯಿತು ಎಂಬ ಕಾರಣಕ್ಕೆ ಅನಧಿಕೃತ ಕಟ್ಟಡ ಸರಿಯಾಗದು ಎಂದು ಸ್ಪಷ್ಟವಾಗಿ ಹೇಳಿತು. ಬ್ಯಾಂಕುಗಳು ದಾಖಲೆ ನೋಡಿಯೇ ಸಾಲ ಕೊಡಬೇಕೆಂದೂ ಸೂಚಿಸಿತು. ನಾಳೆ ಮಗನ ಎಂಜಿನಿಯರಿಂಗ್ ಓದಿಗೆ ಮನೆಯನ್ನೇ ಅಡವಿಡಬೇಕಾಗಿ ಬಂದರೆ, ಇಂದಿನ ಈ ಚಿಕ್ಕ ಜಗಲಿಯೇ ಅಡ್ಡಗಾಲಾಗಬಹುದು.

ಮಕ್ಕಳಿಗೇ ಲೆಕ್ಕ ಬಿಡಿ

ಜಗಲಿಯ ಖರ್ಚು ಹೈಸ್ಕೂಲು ಗಣಿತಕ್ಕೆ ಒಳ್ಳೆಯ ಅಭ್ಯಾಸ. 10 ಅಡಿ ಉದ್ದ, 6 ಅಡಿ ಅಗಲ ಅಂದರೆ 60 ಚದರಡಿ. ನೆಲದಡಿ 4 ಅಂಗುಲ ಕಾಂಕ್ರೀಟು ಹಾಸಿದರೆ 60ರ ಮೂರನೇ ಒಂದು ಪಾಲು, ಅಂದರೆ 20 ಘನ ಅಡಿ. ಒಣ ಸಾಮಗ್ರಿ ಕಲಸಿದಾಗ ಕುಗ್ಗುವುದರಿಂದ ಇದನ್ನು 1.54ರಿಂದ ಗುಣಿಸುವುದು ರೂಢಿ. ಸುಮಾರು 31 ಘನ ಅಡಿಯಾಯಿತು. ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿ, ಒಟ್ಟು 13 ಪಾಲು. ಸಿಮೆಂಟಿಗೆ ಬರುವುದು ಸುಮಾರು 2.4 ಘನ ಅಡಿ. 50 ಕಿಲೋ ಚೀಲದಲ್ಲಿ ಸುಮಾರು 1.25 ಘನ ಅಡಿ ಇರುವುದರಿಂದ ಎರಡು ಚೀಲ ಸಾಕು. ಮರಳು ಒಂಬತ್ತೂವರೆ, ಜಲ್ಲಿ ಹತ್ತೊಂಬತ್ತು ಘನ ಅಡಿ. ಮೇಸ್ತ್ರಿ ಈ ಹಾಸಿಗೆಗೇ ಆರು ಚೀಲ ಎಂದರೆ, ಏಕೆಂದು ಕೇಳಲು ಇಷ್ಟು ಲೆಕ್ಕ ಧೈರ್ಯ ಕೊಡುತ್ತದೆ.

ಮೇಲೆ ಮಂಗಳೂರು ಹೆಂಚು ಹೊದಿಸುವುದಾದರೆ ತ್ರಿಕೋನಮಿತಿ ನೆರವಿಗೆ ಬರುತ್ತದೆ. ಸೂರು ಸೇರಿ ಚಾವಣಿಯ ನೆಲದಳತೆ 12 ಅಡಿಗೆ 7.5 ಅಡಿ, ಅಂದರೆ 90 ಚದರಡಿ. ಇಳಿಜಾರು 30 ಡಿಗ್ರಿಯಾದರೆ 90ನ್ನು 0.866ರಿಂದ ಭಾಗಿಸಬೇಕು. ಸುಮಾರು 104 ಚದರಡಿ. ನೂರು ಚದರಡಿಗೆ ಸುಮಾರು 150 ಹೆಂಚು ಬೇಕು. ಒಡೆಯುವ ಹೆಂಚುಗಳನ್ನೂ ಸೇರಿಸಿದರೆ 170ರಷ್ಟು ತರಿಸಬಹುದು.

ಹೀಗೆಯೇ ತಳಪಾಯ, ಕಂಬ, ಮರಮುಟ್ಟು, ನೆಲಗಲ್ಲುಗಳ ಪ್ರಮಾಣ ಬರೆದು, ಎರಡು ಮೂರು ಅಂಗಡಿಗಳ ದರ ಪಕ್ಕದಲ್ಲಿ ಹಾಕಬೇಕು. ಸಾಗಣೆ, ಕೂಲಿ, ನಕ್ಷೆ ಮತ್ತು ಪರವಾನಗಿ ಶುಲ್ಕ ಪ್ರತ್ಯೇಕ. ಒಟ್ಟು ಮೊತ್ತದ ಮೇಲೆ ನೂರಕ್ಕೆ ಹತ್ತರಷ್ಟು ಅನಿರೀಕ್ಷಿತ ಖರ್ಚಿಗೆ ಎತ್ತಿಡಬೇಕು. ಮೇಸ್ತ್ರಿಗೆ ಹಣವನ್ನು ತಳಪಾಯ, ಕಂಬ, ಚಾವಣಿ ಎಂದು ಹಂತ ಹಂತವಾಗಿ ಕೊಟ್ಟು, ಕೊನೆಯ ಕಂತನ್ನು ಒಂದು ಮಳೆ ಸುರಿದು ಸೋರಿಕೆ ನೋಡುವವರೆಗೆ ಉಳಿಸಿಕೊಳ್ಳುವ ಮಾತನ್ನು ಮೊದಲೇ ಆಡಿಕೊಂಡರೆ ಇಬ್ಬರಿಗೂ ಕ್ಷೇಮ.

ಯಾವಾಗ ಕಟ್ಟಬೇಕು?

ಕಾಂಕ್ರೀಟಿಗೆ ಕನಿಷ್ಠ ಏಳರಿಂದ ಹತ್ತು ದಿನ ನೀರುಣಿಸಬೇಕು. ಏಪ್ರಿಲ್-ಮೇ ತಿಂಗಳುಗಳಲ್ಲಿ ಬಿಡುವಿದ್ದರೂ ಬಹಳ ಕಡೆ ನೀರಿಗೇ ತತ್ವಾರ. ಫೆಬ್ರುವರಿ-ಮಾರ್ಚ್ ಪರೀಕ್ಷೆಯ ಕಾಲ, ಸುತ್ತಿಗೆ ಸದ್ದಿನಲ್ಲಿ ಓದಾಗದು. ಮಳೆ ಹಿಂದೆಗೆದ ನವೆಂಬರಿನಿಂದ ಸಂಕ್ರಾಂತಿಯವರೆಗಿನ ಅವಧಿ ಅನುಕೂಲ. ಅಂದರೆ ನಕ್ಷೆ, ಅರ್ಜಿಗಳ ಓಡಾಟ ಮಳೆಗಾಲದಲ್ಲೇ ಆರಂಭವಾಗಬೇಕು.

ಎಲ್ಲ ಕೂಡಿ ನೋಡಿದ ಮೇಲೆ ಮೊತ್ತ ಕೈಗೆಟುಕದಿದ್ದರೆ, ಈ ವರ್ಷ ಬುನಾದಿ ಮತ್ತು ನೆಲ, ಮುಂದಿನ ವರ್ಷ ಹೆಂಚು ಎಂದು ಎರಡು ಕಂತಿನಲ್ಲಿ ಕಟ್ಟಲು ಅಡ್ಡಿಯಿಲ್ಲ. ಪರವಾನಗಿಯ ಅವಧಿ ಎಷ್ಟೆಂದು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಬೇಕು. ಜೂನ್ ತಿಂಗಳ ಶುಲ್ಕದ ಹಣವನ್ನು ಮುಟ್ಟದೆ ಎದ್ದ ಜಗಲಿಯ ಮೇಲೆ ಮಕ್ಕಳು ನಿಶ್ಚಿಂತೆಯಿಂದ ಕುಳಿತು ಓದಬಹುದು.